ಮೌನೇಶಪ್ಪನ ಅಳತೆಯ ಗಾಡಿ

ನಾನು ಹುಟ್ಟಿದ್ದು ಜಪಾನಿನಲ್ಲಿ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಇವತ್ತು ಬೆಳಗಾವಿಯ ಅನಗೋಳದಲ್ಲಿ ಸೀರೆ ಗಾರ್ಡ್ ಹಾಕಿಕೊಂಡು ನಿಂತಿರುವ ಈ ಮೋಟಾರ್ ಸೈಕಲ್ಲನ್ನು ನೋಡಿದವರು ಯಾರೂ ನಂಬುವುದಿಲ್ಲ. ನಂಬದಿದ್ದರೆ ಬಿಡಿ. ಎಂಜಿನ್ನಿನ ಮೇಲೆ ನಂಬರು ಕೊರೆದಿದೆ, ಬಗ್ಗಿ ನೋಡಿಕೊಳ್ಳಿ.

ವೇಗವಾಗಿಯೂ ಹೋಗಬೇಕು, ದೂರವೂ ಹೋಗಬೇಕು, ಇಬ್ಬರು ಕೂತು ದಿನವಿಡೀ ಓಡಿದರೂ ಸೊಂಟ ಹಿಡಿಯಬಾರದು, ಎರಡೂ ಪಕ್ಕದ ಪೆಟ್ಟಿಗೆಗಳಲ್ಲಿ ವಾರದ ಬಟ್ಟೆ ಹಿಡಿಸಬೇಕು. ಅಂಥ ಪ್ರವಾಸಕ್ಕೆಂದೇ ನನ್ನನ್ನು ಮಾಡಿದರು. ನಾಲ್ಕು ಸಿಲಿಂಡರ್, ಎರಡೂವರೆ ಕ್ವಿಂಟಲ್ ತೂಕ, ಗಾಳಿ ಸೀಳುವ ಕೆಂಪು ಹೊದಿಕೆ. ರೂಪದ ಬಗ್ಗೆ ನನಗೆ ಸ್ವಲ್ಪ ಜಂಬವಿತ್ತು. ಸ್ವಲ್ಪ ಏನು ಬಂತು, ಸಾಕಷ್ಟೇ ಇತ್ತು.

ನನ್ನನ್ನು ಈ ದೇಶಕ್ಕೆ ತಂದವರು ಗೋವೆಯ ಮೆನಿನೊ ಬಾಬ್, ಹಡಗಿನ ಎಂಜಿನಿಯರ್. ವಾಸ್ಕೋ ಬಂದರಿನಲ್ಲಿ ಕ್ರೇನಿಗೆ ನೇತಾಡುತ್ತ ಇಳಿಯುವಾಗ ನನ್ನ ಜೀವ ಬಾಯಿಗೆ ಬಂದಿತ್ತು. ರಜೆಗೆ ಬಂದಾಗಲೆಲ್ಲ ಅವರು ನನ್ನನ್ನು ಕಡಲ ದಂಡೆಯ ಉದ್ದಕ್ಕೂ ಓಡಿಸಿ, ಮನೆಗೆ ಬಂದ ಮೇಲೆ ಉಪ್ಪು ಕೂರಬಾರದೆಂದು ಬಾವಿಯ ನೀರಲ್ಲಿ ತೊಳೆಯುತ್ತಿದ್ದರು. ತೊಳೆಯುವಾಗ ಹಾಡುತ್ತಿದ್ದರು. ಧ್ವನಿ ಕೆಟ್ಟದಾಗಿತ್ತು, ಮನಸ್ಸು ಒಳ್ಳೆಯದಿತ್ತು. ಮೊಣಕಾಲು ಕೈಕೊಟ್ಟ ಮೇಲೆ ನನ್ನನ್ನು ಮಾರಿದರು. ನಾನು ಹೊರಡುವ ದಿನ ಟ್ಯಾಂಕಿನ ಮೇಲೆ ಒಂದು ಸಲ ಕೈಯಿಟ್ಟು ಒಳಗೆ ಹೋದರು. ನನಗೆ ಬಹಳ ದುಃಖವಾಯಿತು.

ಕೊಂಡವರು ದಾದಾಸಾಹೇಬರು. ಬೆಳಗಾವಿಯ ಉದ್ಯಮಬಾಗದಲ್ಲಿ ಅವರ ತಂದೆ ಫೌಂಡ್ರಿ ಇಟ್ಟಿದ್ದರು. ಆಗಿನ್ನೂ ಹರೆಯ, ಕಪ್ಪು ಕನ್ನಡಕ, ತೊಗಲಿನ ಜಾಕೀಟು, ನನ್ನ ಕನ್ನಡಿಯಲ್ಲಿ ರಸ್ತೆಗಿಂತ ತಮ್ಮ ತಲೆಗೂದಲನ್ನೇ ಹೆಚ್ಚು ನೋಡಿಕೊಳ್ಳುತ್ತಿದ್ದರು. ಚೋರ್ಲಾ ಘಾಟಿನ ಒಂದು ತಿರುವಿನಲ್ಲಿ ಆಗಬೇಕಾದದ್ದು ಆಯಿತು. ಅವರಿಗೆ ತರಚುಗಾಯ, ನನ್ನ ಹೊದಿಕೆಗೆ ಬಿರುಕು, ಒಂದು ಪೆಟ್ಟಿಗೆ ಕಂದರದ ಪಾಲು. ಅವರ ತಾಯಿ ಬಾಗಿಲಲ್ಲೇ ನಿಂತು ಹೇಳಿದರು: “ಈ ಮನ್ಯಾಗ ಆ ಗಾಡಿ ಇರಬೇಕು, ಇಲ್ಲಾಂದ್ರ ನಾ ಇರಬೇಕು.” ಗೆದ್ದವರು ಯಾರೆಂದು ಬಿಡಿಸಿ ಹೇಳಬೇಕಿಲ್ಲ. ನನ್ನನ್ನು ಫೌಂಡ್ರಿಯ ಹಿಂಬದಿಯ ಕೋಣೆಗೆ ತಳ್ಳಿ, ಗೋಣಿತಟ್ಟು ಹೊದಿಸಿದರು. ಹತ್ತೊಂಬತ್ತು ವರ್ಷ ಅಲ್ಲೇ ಕಳೆದೆ. ಇಲಿಯೊಂದು ನನ್ನ ಗಾಳಿಪೆಟ್ಟಿಗೆಯನ್ನು ಹೆರಿಗೆ ಮನೆ ಮಾಡಿಕೊಂಡಿತ್ತು.

ಆ ಕೋಣೆಯಲ್ಲಿ ಕೆಲಸ ಮಾಡುತ್ತಿದ್ದವನು ಮೌನೇಶಪ್ಪ ಬಡಿಗೇರ. ಹಿಂದಿನ ಇಬ್ಬರು ಒಡೆಯರಿಗೆ ‘ಅವರು’ ಅಂದೆ, ಇವನಿಗೆ ‘ಅವನು’ ಅನ್ನುತ್ತೇನೆ. ತಪ್ಪು ತಿಳಿಯಬೇಡಿ, ತೀರ ಹತ್ತಿರದವರನ್ನು ನಾನು ಕರೆಯುವುದೇ ಹಾಗೆ.

ಪಂಪಾಗಲಿ ಗಾಲಿಯಾಗಲಿ, ಎರಕ ಹೊಯ್ಯುವ ಮೊದಲು ಅದನ್ನು ಮರದಲ್ಲಿ ಮಾಡಬೇಕು. ಆ ಮಾದರಿಯನ್ನು ಮರಳಿನಲ್ಲಿ ಒತ್ತಿ ತೆಗೆದು, ಉಳಿದ ಗುಳಿಗೆ ಕರಗಿದ ಲೋಹ ಸುರಿಯುತ್ತಾರೆ. ಮೌನೇಶಪ್ಪ ಆ ಮಾದರಿ ಮಾಡುವವನು. ಕಾದ ಲೋಹ ಆರುವಾಗ ಕುಗ್ಗುತ್ತದೆ, ಹಾಗಾಗಿ ಮಾದರಿ ಬೇಕಾದದ್ದಕ್ಕಿಂತ ಚೂರು ದೊಡ್ಡದೇ ಇರಬೇಕು. ಪ್ರತಿ ಸಲ ಲೆಕ್ಕ ಹಾಕುತ್ತ ಕೂರಲಾಗದೆಂದು ಅವರ ಕಸುಬಿಗೇ ಬೇರೆ ಸ್ಕೇಲು ಇರುತ್ತದೆ. ನೋಡಲು ಎಲ್ಲ ಸ್ಕೇಲಿನಂತೆಯೇ, ಆದರೆ ಗೆರೆಗಳ ನಡುವಿನ ಅಂತರ ತುಸು ಹೆಚ್ಚು. ಮೌನೇಶಪ್ಪನ ಅಂಗಿಯ ಜೇಬಿನಲ್ಲಿ ಮೂವತ್ತು ವರ್ಷ ಇದ್ದದ್ದು ಆ ಸ್ಕೇಲು.

ಆಗ ಅವನಿಗೂ ಒಂದು ಮೋಟಾರ್ ಸೈಕಲ್ ಇತ್ತು. ಭಾನುವಾರ ಹೆಂಡತಿ ಕಾಳವ್ವನನ್ನು ಹಿಂದೆ ಕೂರಿಸಿಕೊಂಡು ಊರೂರು ಸುತ್ತಿ, ಸೋಮವಾರ ಬಂದು ಅದರ ಕಥೆ ಹೇಳುತ್ತಿದ್ದ. ಊಟದ ಹೊತ್ತಿಗೆ ನನ್ನ ಗೋಣಿತಟ್ಟು ಸರಿಸಿ, ಹೆಗಲ ಮೇಲಿನ ಟವೆಲ್ಲಿನಿಂದ ಟ್ಯಾಂಕು ಒರೆಸುತ್ತಿದ್ದ. “ಏನ್ ಗಾಡಿಪಾ ನೀ!” ಅನ್ನುತ್ತಿದ್ದ. ಹೊಗಳಿಕೆ ಯಾರಿಗೆ ಬೇಡ ಹೇಳಿ?

ಒಂದು ಮಧ್ಯಾಹ್ನ ಗರಗಸದ ಯಂತ್ರದ ಸದ್ದು ಇದ್ದಕ್ಕಿದ್ದಂತೆ ಬದಲಾಯಿತು. ಮೌನೇಶಪ್ಪನ ಎಡಗೈಯ ನಡುವಿನ ಮೂರು ಬೆರಳು ಹೋದವು. ಹೆಬ್ಬೆರಳು, ಕಿರುಬೆರಳು ಉಳಿದವು. ನಾನು ಗೋಣಿತಟ್ಟಿನ ಸಂದಿಯಿಂದ ಎಲ್ಲವನ್ನೂ ನೋಡಿದೆ.

ಗಾಯ ಮಾಯಿತು, ಅವನು ಕೆಲಸಕ್ಕೂ ಬಂದ. ಆದರೆ ಬಂದದ್ದು ಬಸ್ಸಿನಲ್ಲಿ. ಕ್ಲಚ್ ಹಿಡಿಯಲಾಗದೆಂದು ತನ್ನ ಗಾಡಿ ಮಾರಿಬಿಟ್ಟಿದ್ದ. ಎಡಗೈ ಸದಾ ಪ್ಯಾಂಟಿನ ಜೇಬಿನಲ್ಲಿ. ಮದುವೆ ಮುಂಜಿಗೆ ಹೋಗುವುದು ನಿಲ್ಲಿಸಿದ. ಕಾಳವ್ವನ ತವರು ನಂದಗಡ ಇಲ್ಲೇ ಒಂದು ಗಂಟೆಯ ದಾರಿ. ಅಲ್ಲಿಗೂ ಅವಳೊಬ್ಬಳೇ ಹೋಗಿಬರುತ್ತಿದ್ದಳು. “ಕೈಲಾಗದಾಂವ ಅಂತ ಮಂದಿ ನೋಡೂದು ಬ್ಯಾಡ” ಎಂದು ಗೆಳೆಯ ರಸೂಲಸಾಬನ ಹತ್ತಿರ ಒಮ್ಮೆ ಹೇಳಿದ್ದನ್ನು ಕೇಳಿಸಿಕೊಂಡೆ. ನನ್ನ ಟ್ಯಾಂಕನ್ನೂ ಆಮೇಲೆ ಒರೆಸಲಿಲ್ಲ. ಹೀಗೇ ಹದಿಮೂರು ವರ್ಷ.

ಅವನ ನಿವೃತ್ತಿಯ ದಿನ ದಾದಾಸಾಹೇಬರು ಶಾಲು ಹೊದಿಸಿ, “ಏನ್ ಬೇಕು ಕೇಳ್ರಿ ಮೌನೇಶಪ್ಪ, ನಾಚಿಕೋಬ್ಯಾಡ್ರಿ” ಅಂದರು.

ಅವನು ನನ್ನ ಕಡೆ ಬೊಟ್ಟು ಮಾಡಿದ. “ಮಾಲಕರ, ಆ ಗಾಡಿ ಕೊಡ್ರಿ.”

ದಾದಾಸಾಹೇಬರು ನಕ್ಕು ಒಪ್ಪಿದರು. ರಸೂಲಸಾಬ ಮಾತ್ರ, “ಹುಚ್ಚ ಹಿಡದೈತೇನೋ ನಿನಗ?” ಅಂದ. ಅವನು ಅದೇ ಫೌಂಡ್ರಿಯ ಲೇಥ್ ಮೆಷಿನ್ನಿನವನು. ಬೈದನೇ ಹೊರತು ಮರುದಿನ ಸ್ಪ್ಯಾನರ್ ಹಿಡಿದು ಮೊದಲು ಬಂದವನೂ ಅವನೇ.

ಅನಗೋಳದ ಮನೆಯಂಗಳದಲ್ಲಿ ನನ್ನನ್ನು ಬಿಚ್ಚಿ ಹರವಿದರು. ಅಯ್ಯೋ, ಆ ಅವಮಾನವನ್ನು ಏನೆಂದು ಹೇಳಲಿ! ಎಂಟು ತಿಂಗಳು ನಾನು ಹಳೆ ಪಾತ್ರೆಯ ಅಂಗಡಿಯಂತೆ ಬಿದ್ದುಕೊಂಡಿದ್ದೆ. ಟ್ಯಾಂಕಿಗೆ ಸೀಮೆಎಣ್ಣೆ, ಒಂದು ಹಿಡಿ ನಟ್ಟು ಹಾಕಿ ಕುಲುಕಿ ಕುಲುಕಿ ತುಕ್ಕು ಬಿಡಿಸಿದರು. ನಾಲ್ಕೂ ಕಾರ್ಬೊರೇಟರ್ ಬಿಚ್ಚಿ ಕಾಳವ್ವನ ಹಳೆಯ ಸೀರೆಯ ಮೇಲೆ ಸಾಲಾಗಿಟ್ಟು ತೊಳೆದರು. ಬಿರುಕುಬಿಟ್ಟ ಹೊದಿಕೆಗೆ ಮೌನೇಶಪ್ಪ ಮರದ ಅಚ್ಚು ಕಟ್ಟಿ, ಫೈಬರಿನಲ್ಲಿ ಹೊಸದನ್ನು ಎತ್ತಿದ. ಹಳೆಯದಕ್ಕಿಂತ ಚೆಂದ ಬಂತು, ಒಪ್ಪಿಕೊಳ್ಳುತ್ತೇನೆ.

ಕಷ್ಟ ಇದ್ದದ್ದು ಕೈಯದು. ಕ್ಲಚ್ಚನ್ನು ಬಲಗೈಗೆ ತಂದರು. ಎರಡೂ ಚಕ್ರದ ಬ್ರೇಕುಗಳನ್ನು ಬಲಗಾಲಿನ ಒಂದೇ ಪೆಡಲಿಗೆ ಜೋಡಿಸಿದರು. ಪೆಡಲ್ ಒತ್ತಿದರೆ ಬೆರಳುದ್ದದ ಉಕ್ಕಿನ ಕಡ್ಡಿಯೊಂದು ಒಳಗಿನ ಎಣ್ಣೆಯನ್ನು ತಳ್ಳಬೇಕು, ಬಿಟ್ಟರೆ ಹಿಂದಕ್ಕೆ ಸರಿಯಬೇಕು. ಆ ಕಡ್ಡಿಯ ಅಳತೆಯನ್ನು ಮೌನೇಶಪ್ಪ ಗುರುತು ಮಾಡಿ ಕೊಟ್ಟ, ರಸೂಲಸಾಬ ಲೇಥಿನಲ್ಲಿ ಮಾಡಿ ತಂದ. ಇನ್ನು ಎಡಗೈಗೆ ಉಳಿದದ್ದು ಹ್ಯಾಂಡಲ್ ಹಿಡಿಯುವುದೊಂದೇ. ಆದರೆ ಎರಡೇ ಬೆರಳಿಗೆ ದುಂಡನೆಯ ಹಿಡಿ ಜಾರುತ್ತಿತ್ತು.

ಒಂದು ಬೆಳಿಗ್ಗೆ ಮೌನೇಶಪ್ಪ ಜೇಬಿನಿಂದ ಎಡಗೈ ತೆಗೆದು ಬಿಸಿಲಿಗಿಟ್ಟ. ಬಹಳ ಹೊತ್ತು ನೋಡಿದ. ಆಮೇಲೆ ಹಸಿ ಮಣ್ಣಿನ ಮುದ್ದೆಯನ್ನು ಆ ಕೈಯಿಂದ ಒತ್ತಿ ಹಿಡಿದು, ಅಚ್ಚು ತೆಗೆದು, ಶಿವಣಿ ಮರದಲ್ಲಿ ಅದರ ಮಾದರಿ ಕೆತ್ತಿದ. ಫೌಂಡ್ರಿಯಲ್ಲಿ ಅದನ್ನು ಅಲ್ಯೂಮಿನಿಯಂ ಎರಕ ಹೊಯ್ದರು. ಹೆಬ್ಬೆರಳಿಗೆ ಒಂದು ತಗ್ಗು, ಕಿರುಬೆರಳಿಗೆ ಒಂದು ಕೊಕ್ಕೆ, ನಡುವೆ ಮೊಂಡುಬೆರಳುಗಳು ಒರಗುವ ದಿಂಡು. ಅದು ಜೋಡಣೆಯಾದಾಗ ನನಗೆ ನಾಚಿಕೆಯಾಯಿತು. ಇಂಥ ವಿಕಾರದ ಹಿಡಿ ಹೊತ್ತು ನಾಲ್ಕು ಜನರ ಮುಂದೆ ಹೇಗೆ ಹೋಗಲಿ ಅನ್ನಿಸಿತು. ಅಷ್ಟರಲ್ಲಿ ಮೌನೇಶಪ್ಪನ ಕೈ ಬಂದು ಅದರಲ್ಲಿ ಕೂತಿತು. ನನ್ನನ್ನು ಅಷ್ಟು ಗಟ್ಟಿಯಾಗಿ ಯಾರೂ ಹಿಡಿದಿರಲಿಲ್ಲ.

ಕಾಳವ್ವ ಒಂದೇ ಷರತ್ತು ಹಾಕಿದಳು. “ಮೊದಲನೇ ಸಲ ನಾನೂ ಹಿಂದ ಕುಂದ್ರತೀನಿ. ಬಿದ್ರ ಇಬ್ಬರೂ ಬೀಳೂಣು.” ಅವಳು ಕೂರುವುದು ಒಂದೇ ಕಡೆ ಕಾಲು ಹಾಕಿ, ಇಳಕಲ್ಲ ಸೀರೆ ಉಟ್ಟು. ಹಾಗಾಗಿ ನನಗೆ ಸೀರೆ ಗಾರ್ಡ್ ಬಂತು. ಪ್ರಪಂಚದಲ್ಲಿ ನನ್ನ ಜಾತಿಯ ಯಾವ ಗಾಡಿಗೂ ಅದು ಇರಲಿಕ್ಕಿಲ್ಲ.

ಕಾಗದಪತ್ರವೆಲ್ಲ ಆಯಿತು. ಅಂಗಳದಲ್ಲಿ, ಓಣಿಯಲ್ಲಿ ನಾಲ್ಕಾರು ಸುತ್ತು ಹೊಡೆದರು, ತೊಂದರೆಯಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಂದಗಡಕ್ಕೆ ಹೊರಟರು. ಕಾಳವ್ವನ ಅಣ್ಣ ಊಟಕ್ಕೆ ಕರೆದಿದ್ದ. ತಂಗಿಯ ಗಂಡ ಗಾಡಿ ಹೊಡೆದುಕೊಂಡು ಬರುತ್ತಾನೆಂದು ಇಡೀ ಓಣಿಗೆ ಹೇಳಿದ್ದನಂತೆ.

ಮಚ್ಛೆ ದಾಟುವವರೆಗೆ ಸ್ವರ್ಗ. ಇಪ್ಪತ್ತು ವರ್ಷದ ಮೇಲೆ ಹೊದಿಕೆಗೆ ಗಾಳಿ ಬಡಿಯುತ್ತಿತ್ತು. ದೇಸೂರಿನ ಹತ್ತಿರ ನನ್ನ ಮುಂದಿನ ಚಕ್ರ ಬಿಸಿಯಾಗತೊಡಗಿತು. ಮೌನೇಶಪ್ಪ ಕಾಲು ತೆಗೆದಿದ್ದ, ಆದರೂ ಆ ಕಡ್ಡಿ ಪೂರ್ತಿ ಹಿಂದಕ್ಕೆ ಸರಿಯುತ್ತಿರಲಿಲ್ಲ. ಬ್ರೇಕು ಚೂರು ಚೂರೇ ಉಜ್ಜುತ್ತಿತ್ತು. ಉಜ್ಜಿದಷ್ಟೂ ಎಣ್ಣೆ ಕಾದು ಹಿಗ್ಗುತ್ತಿತ್ತು, ಹಿಗ್ಗಿದಷ್ಟೂ ಬಿಗಿಯುತ್ತಿತ್ತು. ‘ನಿಲ್ಲಿಸೋ ಮಾರಾಯಾ’ ಎಂದು ಒಳಗೊಳಗೇ ಕೂಗಿಕೊಂಡೆ. ಅವನು ಹಾಡಿಕೊಳ್ಳುತ್ತಿದ್ದ. ಒಂದು ತಿರುವಿನಲ್ಲಿ ವೇಗ ಇಳಿಸಿದ್ದಾಗ ಚಕ್ರ ಕಚ್ಚಿಕೊಂಡು ನಿಂತೇಬಿಟ್ಟಿತು. ನಾನು ಎಡಕ್ಕೆ ವಾಲಿ ಬಿದ್ದೆ. ಕಾಳವ್ವ ರಸ್ತೆ ಬದಿಯ ಹುಲ್ಲಿಗೆ ಉರುಳಿದಳು.

ಅವಳ ಮೊಣಕೈ ತರಚಿತ್ತು, ಅಷ್ಟೇ. “ನನಗೇನೂ ಆಗಿಲ್ರಿ, ಏಳ್ರಿ” ಅಂದಳು. ಮೌನೇಶಪ್ಪ ಏಳಲಿಲ್ಲ. ರಸ್ತೆಯಲ್ಲೇ ಕೂತು ತನ್ನ ಎಡಗೈ ನೋಡುತ್ತಿದ್ದ. “ಇದು ಹಿಡೀಲಿಲ್ಲ ನೋಡ ಕಾಳವ್ವ. ಇದಕ್ಕ ಆಗೂದಿಲ್ಲ. ನಿನ್ನ ಕೊಂದೇ ಬಿಡ್ತಿದ್ನಿ” ಅಂದ. ಆ ಕೈ ಕಡೆಯ ಗಳಿಗೆಯವರೆಗೂ ನನ್ನನ್ನು ಬಿಟ್ಟಿರಲಿಲ್ಲ! ಅದನ್ನು ಬಲ್ಲವನು ನಾನೊಬ್ಬನೇ, ಆದರೆ ಹೇಳಲು ನನಗೆ ಬಾಯಿಲ್ಲ. ನನ್ನ ಇಡೀ ಆಯುಸ್ಸಿನಲ್ಲಿ ಅಷ್ಟು ಸಂಕಟ ನಾನು ಪಟ್ಟಿಲ್ಲ. ಟೆಂಪೋದಲ್ಲಿ ನಮ್ಮನ್ನು ಮನೆಗೆ ತಂದರು. ಮೌನೇಶಪ್ಪ ಎಡಗೈ ಜೇಬಿಗೆ ಹಾಕಿ ಒಳಗೆ ಹೋದವನು, ಗುಜರಿಯವರಿಗೆ ಹೇಳಿಕಳಿಸು ಅಂದನಂತೆ.

ಮೂರನೆಯ ದಿನ ರಸೂಲಸಾಬ ಬಂದ. ಕಾಳವ್ವ ಕಟ್ಟೆಯ ಮೇಲೆ ಚಹಾ ಇಟ್ಟಳು. ಅವನು ಅದನ್ನು ಮುಟ್ಟದೆ ನನ್ನ ಮುಂದೆ ಕುಕ್ಕರುಗಾಲಲ್ಲಿ ಕೂತು, ಕೈಯಿಂದ ಪೆಡಲನ್ನು ಮೆಲ್ಲಗೆ ಒತ್ತಿ ನೋಡಿದ. “ಇದರಾಗ ಒಂಚೂರೂ ಸಡಿಲ ಇಲ್ಲಲ್ಲವಾ” ಅಂದ. ಕಡ್ಡಿ ಬಿಚ್ಚಿದ. ಜೇಬಿನಿಂದ ವರ್ನಿಯರ್ ತೆಗೆದು ಅಳೆದ. ಮತ್ತೊಮ್ಮೆ ಅಳೆದ.

“ಲೇ ಮೌನ್ಯಾ, ಹೊರಗ ಬಾ.”

“ನಾ ಬರೂದಿಲ್ಲ.”

“ಈ ಕಡ್ಡಿ ಎಷ್ಟ ಇರಬೇಕಿತ್ತೋ?”

“ಎಂಬತ್ತ ಮಿಲಿಮೀಟರ್.”

“ಎಂಬತ್ತೊಂದ ಐತಿ. ನಾ ನಿನ್ನ ಗುರ್ತಿಗೆ ಕರೆಕ್ಟ್ ಮಾಡೀನಿ. ಯಾವ ಸ್ಕೇಲಲೇ ಗುರ್ತ ಹಾಕಿದ್ದೀ?”

ಮೌನೇಶಪ್ಪ ಬಾಗಿಲಿಗೆ ಬಂದ. ಅಂಗಿಯ ಜೇಬಿನಿಂದ ಆ ಸ್ಕೇಲು ತೆಗೆದ. ಕೆತ್ತಿದ ಹಿಡಿಗೆ ಅದು ಸರಿಯಾಗಿತ್ತು, ಹಿಡಿ ಎರಕದ್ದು. ಕಡ್ಡಿ ಎರಕದ್ದಲ್ಲ, ನೇರವಾಗಿ ಲೇಥಿನಲ್ಲಿ ಕಡೆದದ್ದು. ಅದು ಕುಗ್ಗುವ ಮಾತೇ ಇಲ್ಲ. ಮೂವತ್ತು ವರ್ಷದ ರೂಢಿಯಲ್ಲಿ ಅವನು ಕಣ್ಣುಮುಚ್ಚಿ ಫೌಂಡ್ರಿಯ ಸ್ಕೇಲಿನಿಂದಲೇ ಗುರುತು ಹಾಕಿಬಿಟ್ಟಿದ್ದ. ಆ ಒಂದು ಮಿಲಿಮೀಟರ್ ಹೆಚ್ಚಾದದ್ದಕ್ಕೇ ಕಡ್ಡಿ ಹಿಂದಕ್ಕೆ ಸರಿಯದೆ ಬ್ರೇಕು ಕಚ್ಚಿಕೊಂಡಿತ್ತು.

“ಅಂದ್ರ... ಕೈದು ತಪ್ಪಲ್ಲೇನು?” ಅಂದ.

“ತಲೀದು ತಪ್ಪು. ಅದು ಮೊದಲಿಂದ ಹಂಗ ಐತಿ” ಅಂದ ರಸೂಲಸಾಬ.

ಮೌನೇಶಪ್ಪ ನಗತೊಡಗಿದ. ನಕ್ಕು ನಕ್ಕು ಕಟ್ಟೆಯ ಮೇಲೆ ಕುಸಿದು ಕೂತ. ಕಾಳವ್ವ ಮಾತ್ರ ನಗಲಿಲ್ಲ. ಗಂಡನ ಎಡಗೈಯನ್ನು ಜೇಬಿನಿಂದ ಎಳೆದು ತನ್ನ ತೊಡೆಯ ಮೇಲೆ ಇಟ್ಟುಕೊಂಡಳು. “ಹದಿಮೂರು ವರ್ಷ ಇದಕ್ಕ ಬೈಕೋತ ಕುಂತ್ರಿ. ಪಾಪ, ಇದೇನ್ ಮಾಡಿತ್ರಿ ನಿಮಗ? ಇಷ್ಟ ಆದ್ರೂ ನಿಮ್ಮನ್ನ ಬಿಟ್ಟಿಲ್ಲ” ಎಂದು ಅತ್ತುಬಿಟ್ಟಳು. ನನಗೂ ಅಳು ಬಂದಿತ್ತು. ಗಾಡಿಗಳು ಅತ್ತರೆ ಜನ ಅದಕ್ಕೆ ಎಣ್ಣೆ ಸೋರಿಕೆ ಅನ್ನುತ್ತಾರೆ.

ಅಂದು ಆ ಒಂದು ಮಿಲಿಮೀಟರನ್ನು ಮೌನೇಶಪ್ಪನೇ ಅರ ಹಿಡಿದು ಉಜ್ಜಿ ತೆಗೆದ. ಅರದ ತುದಿಯನ್ನು ಎಡಗೈ ಹೆಬ್ಬೆರಳಿನಿಂದ ಒತ್ತಿ ಹಿಡಿದಿದ್ದ. ಮುಂದಿನ ಭಾನುವಾರ ನಂದಗಡದ ಓಣಿಗೆ ನಾವು ಮೂವರೂ ಹೋದೆವು. ಬಡಿಸಿದ್ದೆಲ್ಲ ಉಂಡು, ಮೌನೇಶಪ್ಪ ಎಲ್ಲರ ನಡುವೆ ಕೂತು, ಎಡಗೈಯಲ್ಲಿ ಎಲೆ ಹಿಡಿದು ಬಲಗೈಯಲ್ಲಿ ಸುಣ್ಣ ಹಚ್ಚಿ ಕಾಳವ್ವನ ಅಣ್ಣನಿಗೆ ಎಲೆಅಡಿಕೆ ಮಡಚಿ ಕೊಟ್ಟ. ನಾನು ಬಾಗಿಲಿನಿಂದ ನೋಡುತ್ತಿದ್ದೆ.

ಈಗ ನನಗೆ ವಯಸ್ಸಾಗಿದೆ. ಚಳಿಗಾಲದಲ್ಲಿ ಶುರುವಾಗಲು ಮುನಿಸು ಮಾಡುತ್ತೇನೆ, ಬಿಡಿ ಭಾಗಗಳು ಎಲ್ಲೂ ಸಿಗುವುದಿಲ್ಲ, ಹಾಳಾದದ್ದನ್ನೆಲ್ಲ ಇವರೇ ಮರದಲ್ಲಿ ಕೆತ್ತಿ ಎರಕ ಹೊಯ್ದು ತರುತ್ತಾರೆ. ಹುಟ್ಟಿದಾಗ ಇದ್ದ ನಾನು ನನ್ನಲ್ಲಿ ಅರ್ಧವೂ ಉಳಿದಿಲ್ಲ. ಒಂದು ಕಾಲದಲ್ಲಿ ಇದನ್ನು ನೆನೆದು ಕೊರಗುತ್ತಿದ್ದೆ. ಈಗ ಕೊರಗಿಲ್ಲ. ಯಾರು ಬೇಕಾದರೂ ಹತ್ತಿ ಓಡಿಸಬಹುದಾದ ಗಾಡಿಗಳು ಲಕ್ಷ ಇವೆ, ಒಬ್ಬನ ಕೈಗೆ ಸರಿಯಾಗಿ ಕೂರುವ ಗಾಡಿ ನಾನೊಬ್ಬನೇ.

ಹೋದ ತಿಂಗಳು ಹುಬ್ಬಳ್ಳಿಯಿಂದ ಒಬ್ಬ ಡಾಕ್ಟರು ಬಂದಿದ್ದರು. ಹಳೆಯ ಗಾಡಿಗಳನ್ನು ಸಂಗ್ರಹಿಸುವವರು. ನನ್ನ ಸುತ್ತ ಮೂರು ಸಲ ತಿರುಗಿದರು, ಎಡ ಹಿಡಿಯ ಮೇಲೆ ತಮ್ಮ ಕೈಯಿಟ್ಟು ನೋಡಿದರು. ಐದು ಬೆರಳಿಗೆ ಅಲ್ಲಿ ಜಾಗವಿಲ್ಲ.

“ಗಾಡಿ ಭಾಳ ಅಪರೂಪದ್ದು ಅಜ್ಜಾರ” ಅಂದರು. “ಆದ್ರ ಒರಿಜಿನಲ್ ಉಳದಿಲ್ಲ ನೋಡ್ರಿ. ಈ ಹಿಡಿ, ಈ ಸೀರಿ ಗಾರ್ಡು, ಎಲ್ಲಾ ಕಿತ್ತು ಹಾಕಬೇಕಾಗ್ತದ.”

ಮೌನೇಶಪ್ಪ ನಕ್ಕ. “ಹೌದ್ರಿ ಸಾಹೇಬ್ರ. ನನ್ನ ಕೈನೂ ಒರಿಜಿನಲ್ ಉಳದಿಲ್ಲ” ಅನ್ನುತ್ತ ಎಡಗೈಯನ್ನೇ ಅವರ ಮುಂದೆ ಚಾಚಿದ.

ಡಾಕ್ಟರು ಒಂದು ಗಳಿಗೆ ಅದನ್ನು ನೋಡಿದರು. ಆಮೇಲೆ ತಮ್ಮ ಎರಡೂ ಕೈಗಳಿಂದ ಅದನ್ನು ಹಿಡಿದುಕೊಂಡರು. ಮಾರುವ ಕೊಳ್ಳುವ ಮಾತು ಮತ್ತೆ ಬರಲಿಲ್ಲ.

“ಮಾತ ಮುಗದ್ರ ಹೊರಡೂಣ್ರಿ, ಬಿಸಲ ಏರಾಕತ್ತೈತಿ” ಎಂದು ಕಾಳವ್ವ ಸೆರಗು ಬಿಗಿದುಕೊಂಡು ಬಂದು, ಗಂಡ ಹತ್ತಿದ ಮೇಲೆ ಹಿಂದೆ ಕೂತಳು. ಮೌನೇಶಪ್ಪ ಎಡಗೈಯನ್ನು ಅದರ ಜಾಗದಲ್ಲಿ ಊರಿ ಬಟನ್ ಒತ್ತಿದ. ನಾನು ಒಂದೇ ಸಲಕ್ಕೆ ಶುರುವಾದೆ.