ಡಿಕ್ಕಿ ಬಾಗಿಲಿಗೆ ಕೊಟ್ಟ ಕೋಲು

ಎಣ್ಣೆ ಜಿನುಗಿದೆ, ಕಡ್ಡಿಯ ಬುಡದಲ್ಲಿ ಕರಿ ಉಂಗುರ, ಬೆರಳಿಗೆ ಹತ್ತಿದ್ದು ಒರೆಸಿದರೂ ಹೋಗುವುದಿಲ್ಲ, ಹಾಳಾದ್ದು ಎಂದೋ ಸತ್ತಿತ್ತು, ಅವನಿಗೆ ಗೊತ್ತಿತ್ತು ತಾನೇ — ಮೋಟಾರ್‌ಹೋಮಿನ, ಆ ಮನೆಗಾಡಿಯ, ಪಕ್ಕದ ಡಿಕ್ಕಿ ಬಾಗಿಲನ್ನು ಎತ್ತಿ ಹಿಡಿಯುವ ಈ ಎರಡು ಸ್ಟ್ರಟ್‌ಗಳಲ್ಲಿ ಗ್ಯಾಸು ಹೋಗಿ ಎಷ್ಟು ಕಾಲವಾಗಿತ್ತು, ರೀ, ಇದನ್ನ ಬದಲಾಯಿಸ್ಬಾರ್ದಾ ಎಂದು ಹೆಂಡತಿ ಹೇಳಿ ಹೇಳಿ ಸೋತಿದ್ದಳು, ಇದೊಂದು ಟ್ರಿಪ್ ಮುಗೀಲಿ ಕಣೇ ಎಂದು ಅವನು ಹಳೆಯ ಮಾಪಿನ ಕೋಲು ಕತ್ತರಿಸಿ ಆನಿಸಿದ್ದ, ಹೆಂಗೆ ನಿಂತಿದೆ ನೋಡು ಎಂದು ಮೀಸೆ ಬೇರೆ ತಿರುವಿದ್ದ, ಮಹಾ ಬುದ್ಧಿವಂತ. ಈಗಲೂ ಅದೇ ಕೋಲೇ ಆಸರೆ, ತುದಿಗೆ ಅವಳು ಸುತ್ತಿದ್ದ ಹೂವಿನ ಬಟ್ಟೆ, ಬಾಗಿಲಿನ ಬಣ್ಣ ಕೆರೆಯಬಾರದೆಂದು — ಸಣ್ಣ ಸ್ಕ್ರೂಡ್ರೈವರ್ ತೂರಿಸಿ ಕ್ಲಿಪ್ ಎಬ್ಬಿಸಿದ, ಹಳೆಯದು ಟಪ್ಪೆಂದು ಕಳಚಿತು, ಇಷ್ಟೇನಾ, ಇಪ್ಪತ್ತು ನಿಮಿಷದ ಕೆಲಸ, ಜೋಡೀನೇ ಹಾಕಿ ಸಾರ್, ಕಡ್ಡಿ ಕೆಳಮುಖ ಇರ್ಲಿ, ಇಲ್ದಿದ್ರೆ ಸೀಲ್ ಒಣಗುತ್ತೆ ಎಂದಿದ್ದ ಅಂಗಡಿಯವನು, ಇಪ್ಪತ್ತೇ ನಿಮಿಷ, ಅದಕ್ಕೆ ಅವಳ ಎರಡು ಬೆರಳು.

ಆ ಟ್ರಿಪ್ಪಿನಲ್ಲಿ ಮಡಿಸುವ ಕುರ್ಚಿ ಎಳೆಯಲು ಅವಳು ಡಿಕ್ಕಿಯ ಅಂಚಿಗೆ ಕೈ ಊರಿದ್ದಳು, ಅವನು ಫೋನಿನಲ್ಲಿ ಯಾರೊಂದಿಗೋ ನಗುತ್ತ ಹಿಂದೆ ಹಿಂದೆ ಸರಿಯುತ್ತಾನೆ, ಹಿಮ್ಮಡಿಗೆ ಕೋಲು ತಗುಲುತ್ತದೆ, ಅಷ್ಟೇ — ಅವಳ ಕೈ ಮೇಲೆ ಬಿದ್ದ ಬಾಗಿಲು ಎತ್ತುವುದಕ್ಕೂ ಮೊದಲೇ ಅವನ ಬಾಯಿ ಹೇಳಿಬಿಟ್ಟಿತ್ತು, ಗಾಳಿ ಕಣೇ, ಎಂಥಾ ಗಾಳಿ ಬೀಸ್ತು ನೋಡು. ಅಂದು ಒಂದು ಎಲೆಯೂ ಅಲುಗಿರಲಿಲ್ಲ. ಗಾಯ ಮಾಯುತ್ತೆ, ಈ ಎರಡು ಮಾತ್ರ ಇನ್ನು ಮಡಚೋದಿಲ್ಲ ಎಂದರು ಡಾಕ್ಟರು, ಬೀದಿಗೆಲ್ಲ ರವಿಕೆ ಹೊಲಿದುಕೊಟ್ಟ ಬಲಗೈ, ಬಿಡಿ, ಸೂಜಿಗೂ ರಜೆ ಬೇಡ್ವಾ ಎಂದು ಅವಳೇ ನಕ್ಕಳು, ಚಹದ ಲೋಟ ಹಿಡಿದರೆ ಆ ಎರಡು ನೆಟ್ಟಗೆ ನಿಲ್ಲುತ್ತವೆ, ಅವನು ಕಿಟಕಿ ನೋಡುತ್ತಾನೆ, ಹನ್ನೊಂದು ತಿಂಗಳಿಂದ ಕಿಟಕಿಯನ್ನೇ ನೋಡುತ್ತಿದ್ದಾನೆ, ಹೇಡಿ. ಇವತ್ತು ಹೇಳಿಬಿಡಬೇಕು, ಬಾಗಿಲು ನಿಂತ ಮೇಲೆ, ಅದು ನನ್ನ ಕಾಲು ತಾಗಿ ಬಿದ್ದಿದ್ದು ಕಣೇ, ಗಾಳಿಯಲ್ಲ, ಹೇಳಿದರೆ ಎದೆ ಹಗುರಾದೀತು, ಯಾರ ಎದೆ? ಎರಡನೆಯದೂ ಕೂತಿತು, ಕೋಲು ತೆಗೆದ, ಬಾಗಿಲು ಉಸ್ಸೆಂದು ತಾನಾಗಿ ಮೇಲೇರಿತು, ಮೊದಲಿಗಿಂತ ಒಂದು ಗೇಣು ಎತ್ತರಕ್ಕೆ. ಏಯ್, ಬಂದು ನೋಡು ಬಾ. ಅವಳು ಬಂದಳು, ಇಷ್ಟು ದಿನ ಗಾಡಿಯ ಹತ್ತಿರ ಸುಳಿಯದವಳು, ಸೆರಗಿಗೆ ಕೈ ಒರೆಸುತ್ತ ಬಂದಳು, ಬಾಗಿಲು ನೋಡಿದಳು, ಅವನನ್ನು ನೋಡಿದಳು, ಬಾಯಿಗೆ ಬಂದಿದ್ದ ಮಾತು, ಅದು ನನ್ನ — ಅವಳು ಬಗ್ಗಿ ಕೋಲು ಎತ್ತಿಕೊಂಡು ಬಾಗಿಲ ಕೆಳಗೆ ನಿಲ್ಲಿಸಿದಳು, ಎಟಕಲಿಲ್ಲ, ಆದರೂ ಹಿಡಿದೇ ನಿಂತಳು, ಇರ್ಲಿ ರೀ, ಮತ್ತೆ ಗಾಳಿ ಬಂದ್ರೆ? ನಗುತ್ತಿದ್ದಾಳೋ, ಗೊತ್ತಿದೆಯೋ, ಮುಖ ನೋಡಲು ಧೈರ್ಯವಿಲ್ಲ, ನೋಡಲು ಇಲ್ಲಿ ಕಿಟಕಿಯೂ ಇಲ್ಲ, ಕೋಲು ಇದೆ, ಕೋಲಿನ ಮೇಲೆ ಅವಳ ಕೈ, ಮಡಚದೆ ನೆಟ್ಟಗೆ ನಿಂತ ಎರಡು ಬೆರಳು, ಎರಡು ಬೆರಳು —