ಮೂರು ತಿಂಗಳ ಮುನ್ಸೂಚನೆ

ಪ್ರತಿ ವರ್ಷ ಮೇ ಕೊನೆಯಲ್ಲಿ ನಾಹಾ ನಗರದ ಹವಾಮಾನ ಕಚೇರಿಯಿಂದ ಬೇಸಿಗೆಯ ಮುನ್ಸೂಚನೆ ಬರುತ್ತದೆ. ಅದನ್ನು ಓದಿ ನಮ್ಮ ದ್ವೀಪದ ಮೀನುಗಾರರ ಸಂಘದ ಹಲಗೆಯ ಮೇಲೆ ನಾಲ್ಕು ಸಾಲಿನಲ್ಲಿ ಬರೆಯುವುದು ನನ್ನ ಕೆಲಸ. ನಾನು ವಿಶ್ವವಿದ್ಯಾಲಯದಲ್ಲಿ ಹವಾಮಾನಶಾಸ್ತ್ರ ಓದಿದವಳು. ಮದುವೆಯಾಗಿ ಇಲ್ಲಿಗೆ ಬಂದೆ.

ಈ ವರ್ಷದ ಹಾಳೆಯಲ್ಲಿ ಇದ್ದದ್ದು ಇಷ್ಟು. ಜೂನ್‌ನಿಂದ ಆಗಸ್ಟ್‌ವರೆಗೆ ಸೆಕೆ ವಾಡಿಕೆಗಿಂತ ಹೆಚ್ಚಾಗುವ ಸಾಧ್ಯತೆ ನೂರಕ್ಕೆ ಅರವತ್ತು. ಮಳೆ ವಾಡಿಕೆಯಷ್ಟು. ಸಾಗರದ ಮೇಲಿನ ಅಧಿಕ ಒತ್ತಡ ದ್ವೀಪಗಳ ಕಡೆ ಚಾಚಿಕೊಳ್ಳುವುದರಿಂದ ಬಿಸಿಲಿನ ದಿನಗಳೇ ಹೆಚ್ಚು. ಅಲೆಯ ಬಗ್ಗೆ ಒಂದು ಮಾತೂ ಇರಲಿಲ್ಲ. ಮೂರು ತಿಂಗಳ ಮುನ್ಸೂಚನೆಯಲ್ಲಿ ಅಲೆ ಇರುವುದೇ ಇಲ್ಲ.

“ಹವಾಮಾನದಮ್ಮಾ, ಈ ನೂರಕ್ಕೆ ಅರವತ್ತನ್ನ ಹುರ್ಕೊಂಡು ತಿನ್ಲಾ?” ಎಂದರು ಚೋಕೆನ್ ಚಿಕ್ಕಪ್ಪ. ಮಾವನ ತಮ್ಮ, ಐವತ್ತು ವರ್ಷದಿಂದ ದೋಣಿ ನಡೆಸುವವರು. “ಸಮುದ್ರ ಹೆಂಗಿರುತ್ತೆ, ಅದನ್ನ ಬರಿ.”

ಎಲ್ಲರೂ ನಕ್ಕರು. ನನ್ನ ಗಂಡ ಮೊರಿತೊಶಿಯೂ ನಕ್ಕ. ನಾನು ಐದನೆಯ ಸಾಲು ಬರೆದೆ: ಒಟ್ಟಿನಲ್ಲಿ ಸಮುದ್ರ ಶಾಂತ.

ಮೇ ತಿಂಗಳಲ್ಲಿ ಶುರುವಾಗುವ ಇಲ್ಲಿನ ಮಳೆಗಾಲ ಜೂನ್ ಮೂರನೇ ವಾರ ಮುಗಿಯಿತು. ಅದು ಮುಗಿದ ಕೂಡಲೇ ಇಲ್ಲಿ ಜೋರು ತೆಂಕಣ ಗಾಳಿ ಬೀಸುತ್ತದೆ, ನಾಲ್ಕೈದು ದಿನ. ಮಕ್ಕಳಿಗೂ ಗೊತ್ತಿರುವ ಗಾಳಿ.

“ಗಾಳಿ ಎದ್ದಿದೆಯಲ್ಲೋ,” ಎಂದರು ಅತ್ತೆ, ಮೊರಿತೊಶಿ ದೋಣಿಗೆ ಹೊರಟ ಬೆಳಿಗ್ಗೆ.

“ಅಮ್ಮಾ, ನಿನ್ನ ಸೊಸೆ ಹಲಗೆ ಮೇಲೆ ಬರೆದಾಗಿದೆ, ಶಾಂತ ಅಂತ. ನೀನೇನು ಅವಳಿಗಿಂತ ಜಾಸ್ತಿ ಓದಿದೀಯಾ?”

ಅವನು ಹಾಗೆ ಹೇಳಿದ್ದು ನನ್ನನ್ನು ರೇಗಿಸಲು. ನಾನು ಅಕ್ಕಿ ತೊಳೆಯುತ್ತಿದ್ದೆ. ಆ ದಿನದ ಅಲೆಯ ಸೂಚನೆಯನ್ನು ನೋಡಿರಲಿಲ್ಲ. ನಗುತ್ತಾ, ಬೇಗ ಬಾ ಎಂದೆ.

ಹವಳದ ದಿಬ್ಬದ ನಡುವೆ ದೋಣಿಗಳು ಹೊರಬೀಳುವ ದಕ್ಷಿಣದ ಬಾಯಿಯಲ್ಲಿ ಅವನ ದೋಣಿ ಮಗುಚಿ ಸಿಕ್ಕಿತು. ಅವನು ಸಿಗಲಿಲ್ಲ.

ನೀರಲ್ಲಿ ಹೋದವನ ಮಬುಯಿ, ಅವನ ಜೀವ, ಹೋದ ಜಾಗದಲ್ಲೇ ಉಳಿಯುತ್ತದೆ ಎನ್ನುತ್ತಾರೆ. ಮನೆಯವರು ಅಲ್ಲಿಗೆ ಹೋಗಿ, ಹೆಸರು ಹಿಡಿದು ಕರೆದು, ತಳದಿಂದ ಮೂರು ಕಲ್ಲು ತೆಗೆದು, ಅವನ ಅಂಗಿಯಲ್ಲಿ ಸುತ್ತಿ ತರಬೇಕು. ಹೆಂಡತಿ ಇದ್ದರೆ ಹೆಂಡತಿಯೇ ಕರೆಯಬೇಕು. ಸತ್ತ ಮೇಲೆ ಬರುವ ಮೊದಲ ಹಿರಿಯರ ಹಬ್ಬದೊಳಗೆ ಆಗಬೇಕು. ಇಲ್ಲವಾದರೆ ಸತ್ತವರೆಲ್ಲ ಮನೆಗೆ ಬರುವ ಸಂಜೆ ಅವನೊಬ್ಬ ಹೊರಗೆ. ನಾನು ಇದನ್ನು ನಂಬುತ್ತೇನೋ ಇಲ್ಲವೋ, ಯೋಚಿಸಿಲ್ಲ. ಅತ್ತೆ ನಂಬುತ್ತಾರೆ.

ಹಬ್ಬಕ್ಕೆ ಎರಡು ತಿಂಗಳಿತ್ತು. ಆ ಬಾಯಿಯಲ್ಲಿ ದೋಣಿ ನಿಲ್ಲಿಸಿ ಒಬ್ಬರು ಮುಳುಗಿ ಏಳಬೇಕೆಂದರೆ ಒಂದು ಗಂಟೆಯಾದರೂ ನೀರು ಅಲುಗಬಾರದು.

“ನಾನು ಕರ್ಕೊಂಡು ಹೋಗ್ತೀನಿ,” ಎಂದರು ಚಿಕ್ಕಪ್ಪ. “ಗಾಳಿ ನನಗೆ ಕಾಣುತ್ತೆ. ಆದ್ರೆ ಎಲ್ಲೋ ದೂರದ ತೂಫಾನು ತಳ್ಳಿದ ಅಲೆ ಬಾಯಿಗೆ ಬರೋವರೆಗೂ ಕಾಣಲ್ಲ. ಅದು ನಿನ್ನ ಹವಾಮಾನದ ನಕ್ಷೇಲಿ ಕಾಣುತ್ತೆ. ನೀನು ಹೂಂ ಅಂದ ದಿನ ಹೊರಡೋಣ.”

ನಾನು ಬೇಡ ಎಂದೆ. ಆ ವಾರ ದೂರದ ಗುವಾಮ್ ದ್ವೀಪದ ಹತ್ತಿರ ತೂಫಾನಿತ್ತು. ಅದು ಚೀನಾ ಕಡೆಗೆ ಹೋಯಿತು. ಮಾರನೆಯ ವಾರ ಮಧ್ಯಾಹ್ನಕ್ಕೆ ಗುಡುಗು ಬರಬಹುದಿತ್ತು, ಬರಲಿಲ್ಲ. ಜುಲೈ ಪೂರ್ತಿ ಬಿಸಿಲು. ನೀರು ಎಷ್ಟು ಕಾದಿತ್ತೆಂದರೆ ಹವಳ ಬೆಳ್ಳಗಾಗತೊಡಗಿತು. ಮುನ್ಸೂಚನೆಯಲ್ಲಿದ್ದದ್ದೆಲ್ಲ ನಿಜವಾಗುತ್ತಾ ಬಂತು. ಪ್ರತಿದಿನ ಬೆಳಿಗ್ಗೆ ಐದಕ್ಕೆ ನಕ್ಷೆ ತೆರೆಯುತ್ತಿದ್ದೆ. ಪ್ರತಿದಿನ ಒಂದು ಕಾರಣ ಸಿಗುತ್ತಿತ್ತು.

“ಇವತ್ತೂ ಬೇಡ್ವಾ?” ಎಂದು ಅತ್ತೆ ಕೇಳುತ್ತಿದ್ದರು, ಅವನ ನೀಲಿ ಅಂಗಿಯನ್ನು ಮಡಚಿ ಮಡಿಲಲ್ಲಿ ಇಟ್ಟುಕೊಂಡು.

“ಬೇಡ ಅತ್ತೆ.”

ಅವರು ಅಂಗಿಯನ್ನು ಪೆಟ್ಟಿಗೆಗೆ ಹಾಕುತ್ತಿದ್ದರು. ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಒಳ್ಳೆಯದಿತ್ತು.

ಹಬ್ಬದ ದಿನ ಬೆಳಿಗ್ಗೆ ಚಿಕ್ಕಪ್ಪ ಮನೆಗೇ ಬಂದರು. ಕೈಯಲ್ಲಿ ಒಂದು ಹೊರೆ ಕಬ್ಬು. ಬರುವ ಹಿರಿಯರಿಗೆ ಊರುಗೋಲಾಗಲೆಂದು ಪ್ರತಿ ಮನೆಯಲ್ಲೂ ಇಡುವುದು.

“ಹೋಗಿ ನೋಡು. ಸಮುದ್ರ ಎಣ್ಣೆ ಸುರಿದಂಗಿದೆ. ಟೋಪಿ ಬಿದ್ರೂ ಅಲ್ಲೇ ಕೂತಿರುತ್ತೆ. ನಕ್ಷೇಲಿ ಏನಾದ್ರೂ ಇದೆಯಾ?”

“ಏನೂ ಇಲ್ಲ.”

“ಮತ್ತೆ? ಹೂಂ ಅನ್ನು, ತಾಯಿ. ಎಂಜಿನ್ ಚಾಲೂ ಮಾಡೇ ಬಂದಿದೀನಿ. ಡೀಸೆಲ್ ಉರೀತಾ ಇದೆ.”

ಅತ್ತೆ ಅಂಗಿ ಹಿಡಿದು ಚಪ್ಪಲಿ ಮೆಟ್ಟಿಕೊಂಡಿದ್ದರು. ದೋಣಿಯಲ್ಲಿ ಇವರಿಬ್ಬರೂ ಕೂರುತ್ತಾರೆ. ನಾನು ಒಂದು ಶಬ್ದ ಹೇಳಬೇಕಿತ್ತು. ಅಂಥ ಒಂದು ಶಬ್ದವನ್ನು ನಾನು ಒಮ್ಮೆ ಹಲಗೆಯ ಮೇಲೆ ಬರೆದಿದ್ದೆ.

“ಬೇಡ,” ಎಂದೆ.

“ಕಾರಣ?”

“ಗೊತ್ತಿಲ್ಲ.”

ಚಿಕ್ಕಪ್ಪನಿಗೆ ಸಿಟ್ಟು ಬಂತು. “ಎರಡು ತಿಂಗಳಿಂದ ಆಟ ಆಡ್ತಿದೀಯೇನೇ? ಅತ್ತಿಗೆ, ನೀವು ಬನ್ನಿ. ನಾವಿಬ್ಬರೇ ಹೋಗೋಣ.”

“ಇವಳು ಕರೀದೆ ಅವನು ಬರಲ್ಲ ಚೋಕೆನ್,” ಎಂದರು ಅತ್ತೆ. ಬಾಗಿ ಚಪ್ಪಲಿ ಬಿಟ್ಟರು. “ಇವಳು ನಕ್ಷೆ ನೋಡ್ತಿಲ್ಲ. ಇವಳಿಗೆ ಕಾಣ್ತಿರೋದೇ ಬೇರೆ. ಬಿಡು, ಎಂಜಿನ್ ನಿಲ್ಸು ಹೋಗು.”

ಚಿಕ್ಕಪ್ಪ ಕಬ್ಬನ್ನು ಗೋಡೆಗೆ ಒರಗಿಸಿ ಹೋದರು.

ಇಡೀ ದಿನ ಗಾಳಿ ಏಳಲಿಲ್ಲ. ಸಂಜೆ ಗೇಟಿನ ಬಳಿ ಅತ್ತೆ ದೀಪ ಹಚ್ಚಿದರು. ಅಲ್ಲಿಂದ ದಕ್ಷಿಣದ ಬಾಯಿ ಕಾಣುತ್ತದೆ. ನೀರಿನ ಮೇಲೆ ಒಂದು ಗೆರೆಯೂ ಇರಲಿಲ್ಲ. ಈಗಲೂ ಹೋಗಿ ಬರುವಷ್ಟು ಬೆಳಕಿತ್ತು. ನಾನು ಅಲ್ಲೇ ನಿಂತಿದ್ದೆ. ಬೆಳಕು ಹೋಯಿತು.

ಅತ್ತೆ ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೆದರು: ತಮ್ಮ ಅತ್ತೆಯನ್ನು, ಮಾವನನ್ನು, ಗಂಡನನ್ನು, ಮೂರು ತಿಂಗಳಿಗೇ ಹೋದ ಮೊದಲ ಮಗಳನ್ನು. ಆಮೇಲೆ ಸ್ವಲ್ಪ ಹೊತ್ತು ನನ್ನ ಮುಖ ನೋಡಿದರು. ಮೊರಿತೊಶಿ ಎಂದು ನಾನು ಕರೆಯಲಿಲ್ಲ. ಅವರು ಒಳಗೆ ಹೋದರು.

“ದೀಪ ಆರಿಸಿ ಬಾ,” ಎಂದು ಒಳಗಿನಿಂದಲೇ ಹೇಳಿದರು. “ಬರೋರೆಲ್ಲ ಬಂದ್ರು.”