ಸ್ತೊಯಾಂಕಾ ಕೊಟ್ಟ ಮಾತು

ಒಂದೂರಲ್ಲಿ ಒಬ್ಬ ಮುದುಕಿ, ಅವಳಿಗೊಬ್ಬ ಕಳ್ಳ. ಆ ಕಳ್ಳನನ್ನು ಮಣ್ಣು ಮಾಡುವ ದಿನ ಮುದುಕಿ ಸ್ತೊಯಾಂಕಾ ಏದುಸಿರು ಬಿಡುತ್ತ, ಸೊಟ್ಟ ಬಲಗೈಯನ್ನು ಕಪ್ಪು ಕೋಟಿನ ತೋಳಿಗೆ ತೂರಿಸುತ್ತ, ಸ್ಮಶಾನದ ದಿಬ್ಬ ಹತ್ತುತ್ತಿದ್ದಳು.

ಕುಣಿಯ ಸುತ್ತ ಐದಾರು ಮಂದಿ. ಸತ್ತ ಮೆತೋದಿಗೆ ಹೆಂಡತಿ ಮಕ್ಕಳಿಲ್ಲ. ಅವನಿಗೆ ಕೋಣೆ ಬಾಡಿಗೆಗೆ ಕೊಟ್ಟಿದ್ದ ದೋಬ್ರಾಳೇ, ಸತ್ತವರ ಹೆಸರಲ್ಲಿ ಹಂಚುವ ಸಿಹಿ ಗೋಧಿ ಬೇಯಿಸಿ ತಂದಿದ್ದಳು.

"ಇವಳ್ಯಾಕೆ ಬಂದ್ಲು?" ಎಂದ ಅವಳ ಗಂಡ ಕಿರೋ.

"ಸತ್ತಿದ್ದು ನಿಜಾನಾ ಅಂತ ನೋಡೋಕಿರ್ಬೇಕು. ಬಾಯ್ಮುಚ್ಚು, ಹತ್ರ ಬಂದ್ಲು."

"ಸೊಟ್ಟ ಆಗಿರೋದು ಕೈ ಕಣೇ ದೋಬ್ರಾ, ಕಿವಿಯಲ್ಲ," ಎಂದಳು ಸ್ತೊಯಾಂಕಾ.

ದೋಬ್ರಾ ಪೆಚ್ಚಾದಳು. "ನಮ್ಮ ಬೀದಿ ಒಲೆಗಳೆಲ್ಲ ಅವನು ಕಟ್ಟಿದ್ದೇ ಅಕ್ಕಾ. ಹೊಗೆ ಕುಡಿದು ಕುಡಿದೇ ಎದೆ ಹೋಯ್ತು. ನಿಮ್ಮನ್ನ ಕಂಡ್ರೆ ಮಾತ್ರ ಬೀದಿ ಆ ಕಡೆಗೆ ದಾಟ್ತಿದ್ದ, ಪಾಪ."

"ಗೊತ್ತು. ಅಷ್ಟರಲ್ಲಿ ನಾನೂ ದಾಟಿರ್ತಿದ್ದೆ. ಮತ್ತೆ ಎದುರುಬದುರು!"

*

ಎಷ್ಟೋ ವರ್ಷಗಳ ಹಿಂದೆ, ಆಗಿನ್ನೂ ಹತ್ತೊಂಬತ್ತರ ಹುಡುಗನಾಗಿದ್ದ ಮೆತೋದಿ ಸ್ತೊಯಾಂಕಾಳ ಬ್ರೆಡ್ಡಿನ ಗೂಡಂಗಡಿಗೆ ನುಗ್ಗಿ, ಕಬ್ಬಿಣದ ಸಲಾಕೆಯಿಂದ ಅವಳ ಕೈ ಮುರಿದು, ಗಲ್ಲಾಪೆಟ್ಟಿಗೆ ಹೊತ್ತೊಯ್ದಿದ್ದ. ನ್ಯಾಯಾಧೀಶೆ ಶಿಕ್ಷೆಗೆ ಮೊದಲು ಅವನ ಬಾಲ್ಯವನ್ನು ಓದಿದಳು: ಅನಾಥಾಲಯದ ಬಾಗಿಲಲ್ಲಿ ಬಿಟ್ಟುಹೋದ ತಾಯಿ, ಹದಿನೆಂಟು ತುಂಬಿದೊಡನೆ ಹೊರಗಟ್ಟಿದ ಅನಾಥಾಲಯ, ಬೀದಿಯಡಿಯ ಬಿಸಿನೀರಿನ ಕೊಳವೆಗಳ ಸುರಂಗದಲ್ಲಿ ಮಲಗಿ ಕಳೆದ ಚಳಿಗಾಲ.

"ಇದನ್ನೆಲ್ಲ ಪರಿಗಣಿಸಿದ್ದೇವೆ. ಆ ಹೆಂಗಸಿನ ಕೈಯನ್ನೂ ಮರೆತಿಲ್ಲ. ಆರು ವರ್ಷ."

"ಆರೇನಾ?" ಎಂದು ಸ್ತೊಯಾಂಕಾ ಕೂತಲ್ಲೇ ಕೂಗಿದಳು.

ಬೇಡಿ ತೊಟ್ಟ ಹುಡುಗ ಅವಳೆದುರು ನಿಂತ. "ಅಮ್ಮಾ, ಕ್ಷಮಿಸ್ತೀರಾ?"

ಆ 'ಅಮ್ಮಾ' ಅವಳನ್ನು ಇನ್ನಷ್ಟು ಕೆರಳಿಸಿತು. "ನೀನು ಸಾಯಿ, ಆಗ ಬಂದು ಹೇಳ್ತೀನಿ!"

ಹುಡುಗ, ಪಾಪ, ಅದನ್ನೇ ಮಾತು ಕೊಟ್ಟರೆಂದುಕೊಂಡ. "ಆಗ್ಲಿ," ಎಂದು ತಲೆಯಾಡಿಸಿ ಪೊಲೀಸರ ಹಿಂದೆ ಹೋದ.

*

ಪಾದ್ರಿ ಪ್ರಾರ್ಥನೆ ಮುಗಿಸಿದ. ದೋಬ್ರಾ ಗೋಧಿ ಹಂಚುತ್ತ ಬಂದಳು. ತಿಂದವರು ಹೇಳಲೇಬೇಕಾದ ಮಾತೊಂದಿದೆ, ಒಬ್ಬೊಬ್ಬರೂ ಹೇಳಿದರು: "ದೇವರು ಕ್ಷಮಿಸಲಿ."

ಸ್ತೊಯಾಂಕಾಳ ಮುಂದೆ ಚಮಚ ಅರ್ಧದಲ್ಲೇ ನಿಂತಿತು.

"ಮನಸ್ಸಿಲ್ದಿದ್ರೆ ಬೇಡ ಅಕ್ಕಾ. ಯಾರೂ ಏನೂ ಅಂದ್ಕೊಳ್ಳಲ್ಲ."

"ಹಾಕೇ, ಸುಮ್ನೆ."

ಅಂಗೈ ಒಡ್ಡಿ ತೆಗೆದುಕೊಂಡಳು. ಅಗಿದಳು. ನುಂಗಲಾಗಲಿಲ್ಲ, ಮತ್ತೆ ಅಗಿದಳು. ಗುದ್ದಲಿ ಹಿಡಿದವರು ಕಾದರು. ಕಿರೋ ಕೆಮ್ಮಲು ಹೋಗಿ, ಹೆಂಡತಿಯ ಕಣ್ಣು ನೋಡಿ ತಡೆದುಕೊಂಡ.

ಕೊನೆಗೂ ಗಂಟಲಿಗಿಳಿಯಿತು. ಸ್ತೊಯಾಂಕಾ ಕುಣಿಯತ್ತ ಬಗ್ಗಿದಳು.

"ಬಂದಿದ್ದೀನಿ ಕಣೋ. ದೇವರದ್ದು ದೇವರು ನೋಡ್ಕೊಳ್ಲಿ. ನಾನು ಕ್ಷಮಿಸಿದೀನಿ."

ಮೊದಲ ಮಣ್ಣು ಪೆಟ್ಟಿಗೆಯ ಮೇಲೆ ಬಿತ್ತು. ಅವಳ ಕಪ್ಪು ತೋಳಿನ ಮೇಲೆ ಗೋಧಿಗೆ ಉದುರಿಸಿದ ಸಕ್ಕರೆಪುಡಿ ಹಿಮದಂತೆ ಚೆಲ್ಲಿತ್ತು. ಅವಳು ಕೊಡವಿಕೊಳ್ಳಲಿಲ್ಲ.